ಗಣೇಶಪುರಿ–ವಜ್ರೇಶ್ವರಿ ಬಿಸಿನೀರಿನ ಕುಂಡ: ಹುಬ್ಬಳ್ಳಿಯಿಂದ ವಯಸ್ಸಾದವರನ್ನ ಕರಕೊಂಡು ಹೋಗೂದು ಹ್ಯಾಂಗ?

ಉಣಕಲ್ ಕಟ್ಟಿ
ಜನವರಿ ಎರಡನೇ ವಾರದಾಗ ನಾಲ್ಕು ಮಂದಿ ಮಹಾರಾಷ್ಟ್ರದ ಠಾಣೆ ಜಿಲ್ಲಾದ ಗಣೇಶಪುರಿ–ವಜ್ರೇಶ್ವರಿಗೆ ಹೊಂಟೇವಿ. ಇಬ್ಬರು 70 ದಾಟಿದವರು. ಇಬ್ಬರಿಗೂ ಮೊಣಕಾಲು ನೋವು, ಒಬ್ಬರಿಗೆ ಸಕ್ಕರಿ ಕಾಯಿಲೆ, ಇನ್ನೊಬ್ಬರಿಗೆ ಬಿಪಿ. ವಜ್ರೇಶ್ವರಿ ದೇವಿ ದರ್ಶನ, ಗಣೇಶಪುರಿಯ ಸಂತ ನಿತ್ಯಾನಂದರ ಸಮಾಧಿ, ಎರಡು ದಿನ ಕುಂಡದ ಸ್ನಾನ, ಇಷ್ಟ. ರೈಲೋ ಕಾರೋ? ಅಲ್ಲಿ ಕುಂಡ ಭಾಳ ಅದಾವಂತ, ವಯಸ್ಸಾದವರಿಗೆ ಯಾವುದು ಸರಿ? ನೀರು ಎಷ್ಟು ಬಿಸಿ, ಎಷ್ಟು ಹೊತ್ತು ಕೂಡಬಹುದು? ಅಷ್ಟು ದೂರ ಯಾಕ, ಪುತ್ತೂರಿನ ಬೇಂದ್ರೆ ತೀರ್ಥಕ್ಕ ಹೋಗ್ರಿ ಅಂತ ಒಬ್ಬರು ಹೇಳ್ಯಾರ. ಅದರ ಬಗ್ಗೆನೂ ತಿಳದವರು ಹೇಳ್ರಿ.

ಸಾಧನಕೇರಿ ಮೆಟ್ಟಿಲು
ಮೊದಲು ಹೆಸರು ಸರಿ ಮಾಡೂಣು. ಅದು ಬೇಂದ್ರೆ ಅಲ್ರಿ, ಬೆಂದ್ರ್. ತುಳುವಿನಾಗ ಬೆಂದ್ರ್ ಅಂದ್ರ ಬಿಸಿನೀರು. ನಮ್ಮ ಧಾರವಾಡದವರ ಕಿವಿಗೆ ಅದು ಕವಿಗಳ ಅಡ್ಡಹೆಸರಾಗೇ ಕೇಳಿಸ್ತದ, ಏನ್ ಮಾಡೋದು!

ಪುತ್ತೂರು ತಾಲೂಕಿನ ಇರ್ದೆ ಗ್ರಾಮದಾಗ ಹೊಳಿ ದಂಡಿಗೆ ಇರೋ ಸಣ್ಣ ಕಟ್ಟಿದ ಕೊಳ ಅದು. ನೀರಿನ ಬಿಸಿ 37–38 ಡಿಗ್ರಿ, ಅಂದ್ರ ಮೈಬಿಸಿಯಷ್ಟ. ಕೈ ಹಾಕಿದವರು ‘ಇದೇನ್ರಿ, ಬಿಸಿನೇ ಇಲ್ಲ’ ಅಂತಾರ. ವಯಸ್ಸಾದವರಿಗೆ ಆ ಬಿಸಿ ವಾಸ್ತವವಾಗಿ ಭಾಳ ಸುರಕ್ಷಿತ. ಆದ್ರ ಬ್ಯಾಸಗಿಯಾಗ ನೀರು ತೀರಾ ಇಳೀತದ, ಅಲ್ಲಿ ಇಳದು ಕೂಡೋ ಅನುಕೂಲನೂ ಕಡಿಮಿ. ಸುಬ್ರಹ್ಮಣ್ಯ, ಧರ್ಮಸ್ಥಳದ ಕಡೆ ಹೋದಾಗ ನೋಡಿ ಬರೋ ಜಾಗ, ಎರಡು ದಿನದ ಸ್ನಾನಕ್ಕಂತ ಹೋಗೋ ಜಾಗ ಅಲ್ಲ.

‘ಇಡೀ ದಕ್ಷಿಣ ಭಾರತಕ್ಕ ಇದೊಂದೇ ಬಿಸಿನೀರಿನ ಬುಗ್ಗಿ’ ಅಂತ ಎಲ್ಲಾ ಕಡೆ ಬರೀತಾರ, ಅದೂ ತಪ್ಪು. ತೆಲಂಗಾಣದ ಗೋದಾವರಿ ಕಣಿವಿಯಾಗ ಮಣುಗೂರಿನ ಸುತ್ತ ಬಿಸಿನೀರು ಬರ್ತದ. ಸಿಂಗರೇಣಿ ಕಲ್ಲಿದ್ದಲು ಕಂಪನಿ ಅಲ್ಲಿ ಅದೇ ಬಿಸಿಯಿಂದ 20 ಕಿಲೋವ್ಯಾಟಿನ ಪ್ರಾಯೋಗಿಕ ವಿದ್ಯುತ್ ಘಟಕ ಹಾಕೇದ.

ಕೇಶ್ವಾಪುರ ಕ್ರಾಸ್
ರೈಲು. ಎರಡನೇ ಮಾತೇ ಬ್ಯಾಡ.

ಕಾರಿನಾಗ ಬೆಳಗಾವಿ, ಕೊಲ್ಹಾಪುರ, ಸಾತಾರ, ಪುಣೆ ಮ್ಯಾಲ ಹಾದು ಹೋದ್ರ 600 ಕಿ.ಮೀ. ಆಸುಪಾಸು, ಊಟ–ಚಹಾ ಸೇರಿ 12 ತಾಸು. ಮೊಣಕಾಲು ನೋವಿದ್ದವರು ಅಷ್ಟು ಹೊತ್ತು ಕಾಲು ಮಡಚಿ ಕೂತ್ರ, ಕುಂಡ ಕೊಟ್ಟ ಆರಾಮ ವಾಪಸ್ ಬರೋ ದಾರಿಯಾಗೇ ಮುಗೀತದ.

ಹುಬ್ಬಳ್ಳಿಯಿಂದ ದಾದರಿಗೆ ಹೋಗೋ ಗಾಡಿಗಳು ಧಾರವಾಡ, ಲೋಂಡಾ, ಬೆಳಗಾವಿ, ಮಿರಜ, ಪುಣೆ, ಕಲ್ಯಾಣ ಹಿಂಗ ಹೋಗ್ತಾವ. ನೀವು ಇಳಿಯೋದು ಕಲ್ಯಾಣದಾಗ. ದಾದರಿಗೆ ಹೋಗಿ ಲೋಕಲ್ ಹಿಡದು ವಸಾಯಿ ಇಲ್ಲಾ ವಿರಾರಿಗೆ ಬಂದು ಅಲ್ಲಿಂದ ಬಸ್ಸು ಹತ್ರಿ ಅಂತ ಮುಂಬೈಯವರು ಹೇಳ್ತಾರ. ಅದು ಅವರಿಗೆ ಸರಿ. ಚೀಲ, ವಯಸ್ಸಾದವರು ಇದ್ದಾಗ ಮುಂಜಾನಿ ಲೋಕಲ್ ಹತ್ತೋ ಸಾಹಸ ಬ್ಯಾಡ.

ಟಿಕೆಟ್ ತಗಸೋವಾಗ ಎಲ್ಲಾರೂ ಮಾಡೋ ತಪ್ಪು ಒಂದದ. ನಾಲ್ಕೂ ಮಂದಿದು ಒಂದೇ ಟಿಕೆಟ್ ಮಾಡಿಸಬ್ಯಾಡ್ರಿ. ಹಿರಿಯ ನಾಗರಿಕರ ಕೆಳಗಿನ ಬರ್ತಿನ ಕೋಟಾ ಸಿಗೋದು ಒಂದು ಟಿಕೆಟಿನಾಗ ಒಬ್ಬರು ಇಲ್ಲಾ ಇಬ್ಬರು ಇದ್ದಾಗ ಮಾತ್ರ. ಹಿರಿಯರು ಇಬ್ಬರದು ಒಂದು ಟಿಕೆಟ್, ಉಳಿದವರದು ಇನ್ನೊಂದು. ಬುಕಿಂಗ್ ಈಗ 60 ದಿನ ಮೊದಲು ತೆರೀತದ, ಜನವರಿಗೆ ನವೆಂಬರಿನಾಗೇ ಕೂಡ್ರಿ.

ಲೋಣಾವಳ ದಾಟಿ ಗಾಡಿ ಘಾಟ್ ಇಳಿಯಾಕ ಹತ್ತಿದ ಕೂಡಲೇ ಎಬ್ಬಿಸ್ರಿ. ನಿದ್ದಿಗಣ್ಣಿನಾಗ ಕಲ್ಯಾಣದಾಗ ಇಳಿಸೋದು ತ್ರಾಸು, ಗಾಡಿ ಭಾಳ ಹೊತ್ತು ನಿಲ್ಲೂದಿಲ್ಲ.

ಬೆಟಗೇರಿ ಮಗ್ಗ
ಕಲ್ಯಾಣದಿಂದ ಮುಂದಿಂದು ನಾ ಹೇಳ್ತೀನಿ. ಮೊದಲು ಭಿವಂಡಿ. ಮಗ್ಗದವರಿಗೆ ಗೊತ್ತಿರೋ ಊರೇ, ಪವರ್‌ಲೂಮಿನ ಊರು. ಭಿವಂಡಿಯಿಂದ ವಾಡಾ ರಸ್ತೆ ಹಿಡದು ಅಂಬಾಡಿ ನಾಕಾ, ಅಲ್ಲಿ ವಜ್ರೇಶ್ವರಿ ರಸ್ತೆಗೆ ತಿರಗೋದು. ಭಿವಂಡಿ ಎಸ್‌ಟಿ ಸ್ಟ್ಯಾಂಡಿನಿಂದ ಬಸ್ಸು ಐತಿ. ಬೋರ್ಡು ಮರಾಠಿಯಾಗ ಇರತೈತಿ, ‘ವಜ್ರೇಶ್ವರಿ’ ಇಲ್ಲಾ ‘ಗಣೇಶಪುರಿ’ ಅಂತ ಓದ್ರಿ. ಮಹಾರಾಷ್ಟ್ರ ಎಸ್‌ಟಿಯಾಗ 2023ರಿಂದ ಹೆಣ್ಣುಮಕ್ಕಳಿಗೆ ಅರ್ಧಾ ಟಿಕೆಟ್. ನಮ್ಮ ಶಕ್ತಿ ಯೋಜನೆ ಅಲ್ಲಿ ನಡಿಯೂದಿಲ್ಲ, ಆಧಾರ್ ತೋರಿಸಿ ಕಂಡಕ್ಟರ್ ಜೋಡಿ ವಾದಾ ಮಾಡಬ್ಯಾಡ್ರಿ.

ನಾಲ್ಕು ಮಂದಿ ಅಂದ್ರ ಕಲ್ಯಾಣದಾಗೇ ಟ್ಯಾಕ್ಸಿ ಮಾಡೂದು ಚಲೋ. ಆದ್ರ ಹೊತ್ತು ನೋಡ್ರಿ. ಭಿವಂಡಿ ಸುತ್ತ ಗೋದಾಮು ಭಾಳ, ಲಾರಿ ಸಾಲುಗಟ್ಟಿ ನಿಲ್ತಾವ. ಮುಂಜಾನಿ ಏಳರ ಒಳಗ ಕಲ್ಯಾಣ ಬಿಟ್ರ ಒಂದು–ಒಂದೂವರೆ ತಾಸಿನ ದಾರಿ. ಹತ್ತಕ್ಕ ಬಿಟ್ರ ಎಷ್ಟಾದೀತೋ ಹೇಳಾಕ ಬರೂದಿಲ್ಲ.

ಶನಿವಾರ–ರವಿವಾರ ಮುಂಬೈ, ಠಾಣೆ ಮಂದಿ ಎಲ್ಲಾ ಅಲ್ಲೇ ಇರ್ತಾರ. ಮಂಗಳವಾರದಿಂದ ಗುರುವಾರದ ಒಳಗ ಸ್ನಾನ ಮುಗಿಸೋ ಹಂಗ ಇಟಗೋರಿ.

ಹಳೇ ಹುಬ್ಬಳ್ಳಿ
ಊರಿನ ನಕ್ಷೆ ತಲೆಯಲ್ಲಿ ಇರಲಿ. ವಜ್ರೇಶ್ವರಿ, ಅಕಲೋಲಿ, ಗಣೇಶಪುರಿ: ತಾನಸಾ ಹೊಳೆಯ ಆಸುಪಾಸಿನಲ್ಲಿ, ನಾಲ್ಕೈದು ಕಿ.ಮೀ. ಒಳಗೆ ಇರುವ ಮೂರು ಊರು. ಈ ಸುತ್ತಿನಲ್ಲೇ ಇಪ್ಪತ್ತರಷ್ಟು ಬುಗ್ಗೆಗಳಿವೆ. ಬಸ್ಸಿನವರು ಯಾವುದನ್ನೂ ‘ಕುಂಡ’ ಎನ್ನುತ್ತಾರೆ, ಆದ್ದರಿಂದ ಇಳಿಯುವ ಮೊದಲು ಯಾವ ಊರು ಎಂದು ಕೇಳಿ.

ವಜ್ರೇಶ್ವರಿಯಲ್ಲಿ ಗುಡಿ ಮುಖ್ಯ. ವಸಾಯಿ ಕೋಟೆ ಪೋರ್ಚುಗೀಸರಿಂದ ಕೈಸೇರಿದರೆ ದೇವಿಗೆ ಗುಡಿ ಕಟ್ಟಿಸುತ್ತೇನೆಂದು ಬಾಜಿರಾಯನ ತಮ್ಮ ಚಿಮಾಜಿ ಅಪ್ಪಾ ಹರಕೆ ಹೊತ್ತಿದ್ದ. 1739ರಲ್ಲಿ ಕೋಟೆ ಬಿತ್ತು, ಗುಡಿ ಎದ್ದಿತು. ಅದಕ್ಕೇ ಗುಡಿಗೆ ಕೋಟೆಯಂಥ ಗೋಡೆ, ಎತ್ತರದ ಬಾಗಿಲು. ನಿಮಗೆ ಬೇಕಾದ ವಿಷಯ ಬೇರೆ: ಮೇಲೆ ಹೋಗಲು 52 ಕಲ್ಲಿನ ಮೆಟ್ಟಿಲು. ಮೊಣಕಾಲು ನೋವಿದ್ದವರು ದರ್ಶನವನ್ನು ಸ್ನಾನಕ್ಕಿಂತ ಮೊದಲು ಮುಗಿಸಬೇಕು. ಬಿಸಿನೀರಿನಲ್ಲಿ ಕೂತು ಎದ್ದ ಮೇಲೆ ಕಾಲು ಸಡಿಲಾಗಿರುತ್ತದೆ, ತಲೆ ಹಗುರಾಗಿರುತ್ತದೆ. ಆಗ ಮೆಟ್ಟಿಲು ಇಳಿಯುವುದು ಬೀಳಲು ದಾರಿ.

ಅಕಲೋಲಿಯ ಕುಂಡಗಳು ಹೊಳೆಗೆ ಹತ್ತಿರ. ಮಳೆಗಾಲದಲ್ಲಿ ಹೊಳೆ ಏರಿದರೆ ದಡದ ಬುಗ್ಗೆಗಳು ಮುಳುಗುತ್ತವೆ, ಬಿಸಿಯೂ ಕಲಸಿಹೋಗುತ್ತದೆ. ಜನವರಿಯಲ್ಲಿ ಆ ತೊಂದರೆ ಇಲ್ಲ. ಗಣೇಶಪುರಿಯಲ್ಲಿ ಭೀಮೇಶ್ವರ ಗುಡಿಯ ಹತ್ತಿರ ಕಟ್ಟಿದ ಕುಂಡಗಳಿವೆ, ನಿತ್ಯಾನಂದರ ಸಮಾಧಿ ಮಂದಿರವೂ ಅಲ್ಲೇ. ವಯಸ್ಸಾದವರಿಗೆ ಮೂರರಲ್ಲಿ ಗಣೇಶಪುರಿಯೇ ಅನುಕೂಲ, ನಡಿಗೆ ಕಡಿಮೆ.

ಚೈತ್ರದ ಅಮಾವಾಸ್ಯೆಯ ಜಾತ್ರೆ, ನವರಾತ್ರಿ, ಗುರುಪೂರ್ಣಿಮೆ: ಈ ಮೂರು ಸಮಯದಲ್ಲಿ ಹಿರಿಯರನ್ನು ಕರೆದುಕೊಂಡು ಹೋಗಲೇಬಾರದು.

ಉಣಕಲ್ ಕಟ್ಟಿ
ಉಪಕಾರ ಆತು. ನೀರಿನ ಬಿಸಿ ಎಷ್ಟು ಅನ್ನೋದು ಇನ್ನೂ ಯಾರೂ ಹೇಳಲಿಲ್ಲ.

ಮಾತ್ರಿ ಡಬ್ಬಿ
ಹೇಳ್ತೇನಿ, ಆದ್ರ ಒಂದೇ ಅಂಕಿ ಕೇಳಬ್ಯಾಡ್ರಿ. ಈ ಸುತ್ತಿನಾಗ ಕುಂಡದಿಂದ ಕುಂಡಕ್ಕ 40ರಿಂದ 50ರ ಆಚೆಗೂ ಹೋಗ್ತದ. ಒಂದೇ ಸಾಲಿನಾಗಿನ ಎರಡು ಕುಂಡಕ್ಕೂ ಫರಕು ಇರ್ತದ: ಬುಗ್ಗಿ ಏಳೋದು ಒಂದರಾಗ, ಅಲ್ಲಿಂದ ಹರದು ಬರೋದು ಇನ್ನೊಂದಕ್ಕ. ಹರದು ಬಂದದ್ದು ತುಸು ತಣ್ಣಗ. ಅಂದ್ರ ಹಿರಿಯರು ಇಳಿಯಬೇಕಾದ್ದು ಬುಗ್ಗಿ ಏಳೋ ಕುಂಡಕ್ಕಲ್ಲ, ಅದರ ಮುಂದಿಂದಕ್ಕ.

ಸುಡೋ ಲೆಕ್ಕ ತಿಳದಿರ್ಲಿ. 49 ಡಿಗ್ರಿ ನೀರಿನಾಗ ದೊಡ್ಡವರ ಚರ್ಮ ಆಳಕ್ಕ ಸುಡಾಕ ಸುಮಾರು 5 ನಿಮಿಷ ಬೇಕು. 54 ಆದ್ರ ಅರ್ಧ ನಿಮಿಷ. 60 ಆದ್ರ 5 ಸೆಕೆಂಡು. ವಯಸ್ಸಾದವರ ಚರ್ಮ ತೆಳು, ಇದಕ್ಕಿಂತ ಬೇಗ ಸುಡ್ತದ. ‘ಮೊದಲು ಚುರುಕ್ ಅಂತದ, ಆಮ್ಯಾಲ ಹೊಂದ್ತದ’ ಅನ್ನೋ ಮಾತು ಅಲ್ಲಿ ಎಲ್ಲಾರ ಬಾಯಾಗೂ ಇರ್ತದ. 42ರ ತನಕ ಆ ಮಾತು ಖರೆ. 48ರಾಗ ಹೊಂದೋದಲ್ಲ, ಬೇಯೋದು.

ಸಕ್ಕರಿ ಕಾಯಿಲೆ ಇದ್ದವರದು ಭಾಳ ಮುಖ್ಯ. ವರ್ಷಗಟ್ಟಲೆ ಸಕ್ಕರಿ ಇದ್ರ ಪಾದದ ನರ ಮಂದ ಆಗಿರ್ತಾವ, ಬಿಸಿ ಗೊತ್ತೇ ಆಗೂದಿಲ್ಲ. ಅವರು ತಮ್ಮ ಕಾಲಿನಿಂದ ನೀರಿನ ಬಿಸಿ ನೋಡಬಾರ್ದು, ಬ್ಯಾರೆಯವರು ಮೊಣಕೈ ಅದ್ದಿ ನೋಡಬೇಕು, ಇಲ್ಲಾ ಥರ್ಮಾಮೀಟರ್. ಕಾಲಾಗ ಹುಣ್ಣು, ಒಡಕು, ಉಗುರಿನ ಸಂದಿ ಗಾಯ ಇದ್ರ ಕುಂಡನೇ ಬ್ಯಾಡ. ಇನ್ಸುಲಿನ್ ತಗೊಳ್ಳೋರಾದ್ರ ಇನ್ನೊಂದದ: ಚುಚ್ಚಿದ ಜಾಗಕ್ಕ ಬಿಸಿ ತಾಗಿದ್ರ ಔಷಧ ರಕ್ತಕ್ಕ ಬೇಗ ಇಳೀತದ, ಸಕ್ಕರಿ ಧಡಕ್ಕನ ಕೆಳಗ ಬೀಳ್ತದ. ಹೊಟ್ಟಿಗೆ ಚುಚ್ಚಿಕೊಂಡು ಸೊಂಟದ ಮಟ ಬಿಸಿನೀರಿನಾಗ ಕೂಡೋದು ಅಂದ್ರ ಇದೇ. ಇಂಜೆಕ್ಷನ್, ನಾಷ್ಟಾ ಆಗಿ ಎರಡು ತಾಸಿನ ಮ್ಯಾಲ ಇಳೀರಿ, ಕಿಸೆದಾಗ ಗ್ಲೂಕೋಸ್ ಇಲ್ಲಾ ಬೆಲ್ಲ ಇರ್ಲಿ. ದೇವರ ದರ್ಶನ ಅಂತ ಉಪವಾಸ ಇರೋದು ಆ ದಿನ ಬ್ಯಾಡ.

ಬಿಪಿ ಮಾತ್ರಿ ತಗೊಳ್ಳೋರಿಗೆ ಇಳಿಯೋದಕ್ಕಿಂತ ಏಳೋದು ಅಪಾಯ. ಬಿಸಿಗೆ ರಕ್ತನಾಳ ಹಿಗ್ಗಿರ್ತಾವ, ತಟ್ಟನೆ ಎದ್ದು ನಿಂತ್ರ ಬಿಪಿ ಬಿದ್ದು ಕಣ್ಣಿಗೆ ಕತ್ತಲಿ ಬರ್ತದ. ಸುತ್ತ ಪಾಚಿ ಕಟ್ಟಿದ ಕಲ್ಲು, ಬಿದ್ರ ಸೊಂಟ ಮುರೀತದ. ಮಾತ್ರಿ ಬಿಡಬ್ಯಾಡ್ರಿ. ಎದಿನೋವಿಗಂತ ನಾಲಿಗಿ ಕೆಳಗ ಇಡೋ ಮಾತ್ರಿ ಇದ್ದವರು, ಹೃದಯ ಸೋತವರು, ಇತ್ತೀಚಿಗೆ ಸ್ಟೆಂಟ್ ಹಾಕಿಸಿದವರು ತಮ್ಮ ಡಾಕ್ಟರನ್ನ ಕೇಳದ ಇಳಿಯಬಾರ್ದು.

ಇಳಿಯೋ ಕ್ರಮ: ದಂಡಿಗೆ ಕೂತು ಎರಡು ನಿಮಿಷ ತಂಬಿಗಿಯಿಂದ ಪಾದಕ್ಕ, ಮೊಣಕಾಲಿಗೆ ನೀರು ಹಾಕ್ರಿ. ಆಮ್ಯಾಲ ಕಾಲು ಇಳಿಬಿಟ್ಟು ಮೂರು ನಿಮಿಷ. ಆಮ್ಯಾಲ ಸೊಂಟದ ಮಟ. 38–40 ಡಿಗ್ರಿಯಾಗ ಒಂದು ಸಲಕ್ಕ 10 ನಿಮಿಷ, 15 ದಾಟಬಾರ್ದು. ಏಳೋವಾಗ ಮೊದಲು ದಂಡಿಗೆ ಬಂದು ಎರಡು ನಿಮಿಷ ಕೂಡ್ರಿ, ಒಬ್ಬರು ಕೈ ಹಿಡೀರಿ, ಆಮ್ಯಾಲ ನಿಲ್ರಿ. ಎರಡು ಲೋಟ ನೀರು ಕುಡೀರಿ. ದಿನಕ್ಕ ಎರಡು ಸಲ ಸಾಕು, ನಡುವೆ ನಾಲ್ಕು ತಾಸು.

ಮುಳಗುಂದ ನಾಕಾ
ಕುಂಡದ ನೀರು ಕುಡಿಯೂದು ಚಲೋ ಅಂತಾರಲ್ರಿ, ಬಾಟಲಿ ತುಂಬ್ಕೊಂಡು ಬರ್ತಾರ.

ಮಾತ್ರಿ ಡಬ್ಬಿ
ಬ್ಯಾಡ. ಬಿಸಿನೀರು ಕಲ್ಲಿನೊಳಗಿಂದ ಖನಿಜ ಹೆಚ್ಚಿಗೆ ಕರಗಿಸ್ಕೊಂಡು ಬಂದಿರ್ತದ. ಕೊಂಕಣದ ಈ ಬುಗ್ಗಿಗಳ ನೀರು ಉಪ್ಪುಪ್ಪು. ಗದಗ–ಮುಂಡರಗಿ ಕಡೆಯವರಿಗೆ ಫ್ಲೋರೈಡಿನ ಪಾಠ ಬ್ಯಾರೆ ಹೇಳಬೇಕೇನು? ಕುಡಿಯೋ ನೀರಿನಾಗ ಲೀಟರಿಗೆ 1 ಮಿಲಿಗ್ರಾಂ, ತೀರಾ ಬ್ಯಾರೆ ದಾರಿ ಇಲ್ಲಂದ್ರ 1.5 ಅಂತ ಮಿತಿ ಇರೋದು ಹಲ್ಲು–ಎಲುಬು ಉಳೀಲಿ ಅಂತ. ಪರೀಕ್ಷೆ ಮಾಡಿಸದ ಬುಗ್ಗಿ ನೀರನ್ನ ಔಷಧ ಅಂತ ಕುಡಿಯೋದು ಯಾಕ? ಮ್ಯಾಲ ಅದರಾಗೇ ನೂರಾರು ಮಂದಿ ಮೈ ತೊಳದಿರ್ತಾರ.

ಮೂಗಿನೊಳಗೂ ನೀರು ಹೋಗಬಾರ್ದು. ಮೂಗಿನಿಂದ ಮಿದುಳಿಗೆ ಏರೋ ನೆಗ್ಲೇರಿಯಾ ಅನ್ನೋ ಅಮೀಬಾಕ್ಕ ಬೆಚ್ಚಗಿನ ಸಿಹಿನೀರೇ ಮನಿ, 46 ಡಿಗ್ರಿ ತನಕ ಬದುಕಿ ಬೆಳೀತದ. ಹಿಡಿಯೋದು ಭಾಳ ಅಪರೂಪ, ಹಿಡದ್ರ ಉಳಿಯೋದು ಅದಕ್ಕಿಂತ ಅಪರೂಪ. ಮುಳುಗು ಹಾಕಬ್ಯಾಡ್ರಿ. ತಲಿಗೆ ನೀರು ಬೇಕಂದ್ರ ಲಾಡ್ಜಿನ ನಳದ ನೀರು ಹಾಕ್ಕೋರಿ. ಹುಡುಗರು ಜಿಗಿಯಾಕ ಬಿಡಬ್ಯಾಡ್ರಿ.

ಬೆಟಗೇರಿ ಮಗ್ಗ
ಅಲ್ಲಿ ಸುತ್ತಮುತ್ತ ಬುಗ್ಗಿ ನೀರನ್ನ ಪೈಪ್ ಹಾಕಿ ಸ್ನಾನದ ಕೋಣಿಗೆ ಬಿಡೋ ಲಾಡ್ಜು ಅದಾವ. ವಯಸ್ಸಾದ ಹೆಣ್ಣುಮಕ್ಕಳಿಗೆ ಅದು ಚಲೋ, ಬಯಲಿನಾಗ ಮಂದಿ ಮುಂದ ಒದ್ದಿ ಬಟ್ಟಿಯಾಗ ಕೂಡೂದು ತಪ್ಪತೈತಿ. ಮೊದಲು ಎರಡು ಮಾತು ಕೇಳ್ರಿ: ಒಬ್ಬರು ಎದ್ದ ಮ್ಯಾಲ ಟಬ್ಬಿನ ನೀರು ಖಾಲಿ ಮಾಡಿ ತೊಳೀತಾರೋ ಇಲ್ಲೋ, ತಣ್ಣೀರಿನ ನಳ ಬ್ಯಾರೆ ಐತೋ ಇಲ್ಲೋ. ತಣ್ಣೀರು ಇರದಿದ್ರ ಆ ಕೋಣಿ ಬ್ಯಾಡ.

ಗುರುದೇವ ಸಿದ್ಧಪೀಠದಾಗ ವಸತಿ ಸಿಗತೈತಿ ಅಂತ ತಿಳ್ಕೊಂಡು ಹೋಗಬ್ಯಾಡ್ರಿ. ಅದು ಮೊದಲೇ ಹೆಸರು ಬರೆಸಿದ ಸಾಧಕರಿಗೆ ಇರೋ ಆಶ್ರಮ, ಯಾತ್ರಿಕರ ಛತ್ರ ಅಲ್ಲ.

ಲೆಕ್ಕದ ಮಾಸ್ತರ
ಟಬ್ಬಿಗೆ ಬೆರಸೋ ಲೆಕ್ಕ ಬರ್ದಿಡ್ತೀನಿ. ಬುಗ್ಗಿ ನೀರು 50, ನಳದ ನೀರು 25 ಅಂತ ಹಿಡೀರಿ. 40 ಬೇಕಂದ್ರ ಬಿಸಿದು ಇಳಿಯಬೇಕಾದ್ದು 10, ತಣ್ಣಂದು ಏರಬೇಕಾದ್ದು 15. ಅಂದ್ರ 3 ಬಕೆಟ್ ಬಿಸಿಗೆ 2 ಬಕೆಟ್ ತಣ್ಣೀರು. 38 ಬೇಕಂದ್ರ ಹೆಚ್ಚುಕಡಿಮಿ ಸರಿಸಮ. ಮೊದಲು ತಣ್ಣೀರು ಬಿಟ್ಟು ಆಮ್ಯಾಲ ಬಿಸಿ ಬಿಡ್ರಿ. ಬಿಸಿ ಮೊದಲು ಬಿಟ್ಟು ಯಾರರೆ ಮರತು ಕಾಲಿಟ್ರ ಮುಗೀತು. ಕೈಯಿಂದ ಚಲೋತ್ನಾಗ ತಿರುವ್ರಿ, ಬಿಸಿ ಮ್ಯಾಲೇ ನಿಂತಿರ್ತದ, ಕೆಳಗ ತಣ್ಣಗ ಇರ್ತದ.

ಮುಳಗುಂದ ನಾಕಾ
ಒಂದು ಸಂಶಯ. ನಮ್ಮ ಕಡೆ 600–800 ಅಡಿ ಬೋರಿನಾಗ ಮುಂಜಾನಿ ನೀರು ಬೆಚ್ಚಗ ಬರತೈತಿ, ಹಬಿ ಆಡತೈತಿ. ಹಂಗಾರ ಗದಗಿನ ಕೆಳಗೂ ಇಂಥಾದ್ದು ಇರಬೇಕಲ್ರಿ?

ಕಲ್ಲು ಓದುಗ
ಇಲ್ಲ. ಬೆಚ್ಚಗಿರುವುದು ನೀರಲ್ಲ, ತಣ್ಣಗಿರುವುದು ನಿಮ್ಮ ಕೈ. ನೆಲದ ಕೆಳಗೆ ನಾಲ್ಕಾರು ಮಾರು ಹೋದರೆ ಬಿಸಿ ವರ್ಷವಿಡೀ ಒಂದೇ ಸಮ, ಊರಿನ ವರ್ಷದ ಸರಾಸರಿ ಬಿಸಿಯಷ್ಟು, ನಮ್ಮಲ್ಲಿ ಸುಮಾರು 26–27. ಡಿಸೆಂಬರ್ ನಸುಕಿನಲ್ಲಿ ಹೊರಗೆ 15 ಇದ್ದಾಗ ಅದು ಬೆಚ್ಚಗೆ ಅನ್ನಿಸುತ್ತದೆ, ಹಬೆಯೂ ಕಾಣುತ್ತದೆ. ಅದೇ ನೀರು ಏಪ್ರಿಲ್ ಮಧ್ಯಾಹ್ನ ತಂಪು. ಏಪ್ರಿಲ್‌ನಲ್ಲೂ ಮೈಬಿಸಿಗಿಂತ ಬಿಸಿಯಾಗಿ ಬಂದರೆ ಆಗ ಮಾತಾಡೋಣ. ಅದಕ್ಕೂ ಮೊದಲು ಮೋಟರ್ ಸುಡುತ್ತಿದೆಯೇ, ಪೈಪು ಬಿಸಿಲಿಗೆ ಬಿದ್ದಿದೆಯೇ ನೋಡಿ.

ನಮ್ಮ ಧಾರವಾಡದ ಹೆಸರಿನಲ್ಲೇ ಕರೆಯುವ ಈ ಶಿಲಾಭಾಗ ಭೂಮಿಯ ಬಹಳ ಹಳೆಯ, ತಣ್ಣಗಾದ ತುಂಡು. ಕೋಲಾರದ ಚಿನ್ನದ ಗಣಿ 3 ಕಿ.ಮೀ. ಆಳ ದಾಟಿತ್ತು. ಅಷ್ಟು ಕೆಳಗೂ ಬಂಡೆಯ ಬಿಸಿ 65ರ ಆಸುಪಾಸು. ಅಂದರೆ ಕಿ.ಮೀ.ಗೆ 12 ಡಿಗ್ರಿ ಏರಿಕೆ. ನಿಮ್ಮ 800 ಅಡಿ ಅಂದರೆ ಕಾಲು ಕಿ.ಮೀ., ಸಿಗುವುದು 3 ಡಿಗ್ರಿ. ಭೂಮಿಯ ಬೇರೆ ಕಡೆ ಸಾಮಾನ್ಯ ಏರಿಕೆ ಕಿ.ಮೀ.ಗೆ 25–30.

ಗಣೇಶಪುರಿಯಲ್ಲಿ ನಡೆಯುವುದು ಬೇರೆ. ಅಲ್ಲಿನ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದನ್ನು ನೋಡಿ ‘ಒಳಗೆ ಜ್ವಾಲಾಮುಖಿ ಇನ್ನೂ ಬಿಸಿ ಇದೆ’ ಎನ್ನುವುದು ತಪ್ಪು, ಆ ಬಿಸಿ ಆರಿ ಯಾವ ಕಾಲವಾಯಿತೋ. ಮುಖ್ಯವಾದದ್ದು ಬಿರುಕು. ಪಶ್ಚಿಮ ಕರಾವಳಿಯುದ್ದಕ್ಕೂ ಬಂಡೆ ಆಳಕ್ಕೆ ಸೀಳಿದೆ. ಮಳೆನೀರು ಬಿರುಕಿನಲ್ಲಿ ಒಂದೆರಡು ಕಿ.ಮೀ. ಇಳಿಯುತ್ತದೆ, ಅಲ್ಲಿ ಬಿಸಿಯಾಗುತ್ತದೆ, ಹಗುರಾಗಿ ಇನ್ನೊಂದು ಬಿರುಕಿನಿಂದ ಬೇಗ ಮೇಲೇರುತ್ತದೆ. ನಿಧಾನವಾಗಿ ಏರಿದರೆ ದಾರಿಯಲ್ಲೇ ತಣ್ಣಗಾಗಿಬಿಡುತ್ತದೆ, ಬೇಗ ಏರಲು ದಾರಿ ಇರುವಲ್ಲಿ ಮಾತ್ರ ಬುಗ್ಗೆ. ಅದಕ್ಕೇ ಇವು ಪಾಲ್ಘರ್, ಠಾಣೆಯಿಂದ ರತ್ನಾಗಿರಿಯ ತನಕ ಒಂದು ಗೆರೆಯ ಮೇಲೆ ಪೋಣಿಸಿದಂತಿವೆ.

ರಾಕ್ಷಸರ ರಕ್ತವೇ ಬಿಸಿನೀರಾಯಿತು ಎಂಬುದು ಅಲ್ಲಿನ ಸ್ಥಳಪುರಾಣ. ಮಕ್ಕಳಿಗೆ ಹೇಳಲು ಅದು ಇದಕ್ಕಿಂತ ಚೆನ್ನಾಗಿದೆ, ಒಪ್ಪುತ್ತೇನೆ.

ಹಾವೇರಿ ಯಾಲಕ್ಕಿ
ಕಾರಿನಾಗೇ ಹೋಗೂದು ಅಂತಿದ್ರ ಇನ್ನೊಂದು ದಾರಿ ಐತಿ, ಗಣೇಶಪುರಿ ತನಕ ಹೋಗೂದೇ ಬ್ಯಾಡ. ರತ್ನಾಗಿರಿ ಜಿಲ್ಲಾದ ರಾಜಾಪುರ. ಕೊಲ್ಹಾಪುರದ ತನಕ ಹೈವೇ, ಅಲ್ಲಿಂದ ಅಣುಸ್ಕುರಾ ಘಾಟ್ ಇಳದ್ರ ರಾಜಾಪುರ. ಹುಬ್ಬಳ್ಳಿಯಿಂದ 300 ಕಿ.ಮೀ. ಚಿಲ್ಲರೆ, ಗಣೇಶಪುರಿಯ ಅರ್ಧಾ. ಊರಿನ ಹತ್ತಿರ ಉನ್ಹಾಳೆ ಅಂತ ಹಳ್ಳಿ, ನೀರು 40ರ ಆಸುಪಾಸು, ಹಿರಿಯರಿಗೆ ಹೊಂದತೈತಿ. ‘ರಾಜಾಪುರದ ಗಂಗೆ’ ಅಂತ ಕೇಳಿದ್ರ ಅದು ಬ್ಯಾರೆ: ಮೂರು ವರ್ಷಕ್ಕೊಮ್ಮೆ ಹಂಗ ತಾನೇ ಹುಟ್ಟಿ ತಾನೇ ಬತ್ತೋ ಒರತಿ. ಗಂಗೆ ಬಂದಾಳಂತ ಸುದ್ದಿ ಇದ್ದಾಗ ಜಾತ್ರಿ ಇರತೈತಿ, ಬಿಸಿನೀರಿನ ಕಡೆನೂ ಗದ್ದಲ.

ಅದೇ ಮುಂಬೈ–ಗೋವಾ ಹೈವೇದಾಗ ಉತ್ತರಕ್ಕ ಹೋದ್ರ ತುರಳ, ಅರವಲಿ ಬರ್ತಾವ. ತುರಳದಾಗ ಬುಗ್ಗಿ 60 ದಾಟತೈತಿ. ಮ್ಯಾಲೆ ಡಬ್ಬಿಯವರು ಬರೆದ 5 ಸೆಕೆಂಡಿನ ಲೆಕ್ಕ ಅಲ್ಲಿಗೆ. ಖೇಡ–ದಾಪೋಲಿ ಕಡೆ ಉನ್ಹವರೆ ಇನ್ನೂ ಹೆಚ್ಚು, 70ರ ಆಸುಪಾಸು, ಕೊಂಕಣದಾಗೆಲ್ಲಾ ಅದೇ ಹೆಚ್ಚು ಬಿಸಿ. ಅಲ್ಲೆಲ್ಲಾ ತಣ್ಣಗಾದ ತೊಟ್ಟಿಯೊಳಗ ಸ್ನಾನ, ಬುಗ್ಗಿ ಬಾಯಿಗೆ ಕೈ ಹಚ್ಚಬ್ಯಾಡ್ರಿ.

ಉಣಕಲ್ ಕಟ್ಟಿ
ಯಾಲಕ್ಕಿ ಅಣ್ಣಾರ, ದೂರ ನೋಡಿದ್ರ ರಾಜಾಪುರ ಸರಿ. ಆದ್ರ ನಮ್ಮ ಹಿರಿಯರಿಗೆ ನಿತ್ಯಾನಂದರ ಸಮಾಧಿನೇ ಮೊದಲು, ನೀರು ಆಮ್ಯಾಲ.

ಹಾವೇರಿ ಯಾಲಕ್ಕಿ
ಹಂಗಾರ ಗಣೇಶಪುರಿನೇ ಸೈ. ಆ ಊರಿಗೂ ನಮಗೂ ನಂಟು ಐತ್ರಿ, ಹಿರಿಯರಿಗೆ ಹೇಳ್ರಿ. ಅಲ್ಲಿ ಆಶ್ರಮ ಕಟ್ಟಿದ ಮುಕ್ತಾನಂದರು ಮಂಗಳೂರು ಕಡೆಯವರು, 1908ರಾಗ ಹುಟ್ಟಿದವರು. ಹುಡುಗರಿದ್ದಾಗ ಮನಿ ಬಿಟ್ಟು ಬಂದು ವೇದಾಂತ ಕಲ್ತದ್ದು, ಸನ್ಯಾಸ ತಗೊಂಡದ್ದು ಹುಬ್ಬಳ್ಳಿ ಸಿದ್ಧಾರೂಢರ ಮಠದಾಗ. 1929ರಾಗ ಅಜ್ಜಾರು ದೇಹ ಬಿಟ್ಟ ಮ್ಯಾಲ ಅವರ ಶಿಷ್ಯರಾದ ಮುಪ್ಪಿನಾರ್ಯರ ಹತ್ರ, ರಾಣೆಬೆನ್ನೂರು ತಾಲೂಕಿನ ಐರಣಿ ಹೊಳೆಮಠಕ್ಕ ಬಂದ್ರು. ನಿತ್ಯಾನಂದರಿಂದ ದೀಕ್ಷೆ ಸಿಕ್ಕದ್ದು 1947ರ ಆಗಸ್ಟ್ 15ಕ್ಕ. ನಿತ್ಯಾನಂದರ ಸಮಾಧಿ 1961ರ ಆಗಸ್ಟ್ 8. ಆ ತಿಂಗಳೂ ಅಲ್ಲಿ ಮಂದಿ ಹೆಚ್ಚು.

ಬೆಳ್ಳಿ ಕಾಲುಂಗುರ
ಯಾರೂ ಹೇಳಿಲ್ಲ ಅಂತ ಹೇಳ್ತೀನಿ: ಕಾಲುಂಗುರ, ಗೆಜ್ಜಿ, ಬೆಳ್ಳಿ ಉಡದಾರ, ಕೊರಳಾಗಿನ ಬೆಳ್ಳಿ ಕರಡಿಗಿ ಎಲ್ಲಾ ತಗದಿಟ್ಟು ಇಳೀರಿ. ಬುಗ್ಗಿ ನೀರಿನಾಗ ಗಂಧಕದ ಅಂಶ ಇದ್ರ ಬೆಳ್ಳಿ ಕರ್ರಗಾಗ್ತದ. ಲಿಂಗದ ಕರಡಿಗಿ ಬಿಚ್ಚೂದಿಲ್ಲ ಅನ್ನೋರು ಎದಿ ಮಟ ಇಳಿಯೂದು ಬಿಟ್ಟು ಸೊಂಟದ ಮಟ ಕೂತ್ರ ಆತು. ಬಂಗಾರಕ್ಕ ಅಷ್ಟು ಕಾಟ ಇಲ್ಲ, ಆದ್ರ ಬೆರಕಿ ತಾಮ್ರ ಹೆಚ್ಚಿದ್ರ ಮಸುಕಾಗ್ತದ.

ಕರ್ರಗಾದ್ರ ಅಂಗಡಿಗೆ ಒಯ್ದು ಉಜ್ಜಿಸಬ್ಯಾಡ್ರಿ, ಉಜ್ಜಿದಷ್ಟು ಬೆಳ್ಳಿ ತೂಕ ಹೋಗ್ತದ. ಗಾಜಿನ ಪಾತ್ರಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಅದಕ್ಕ ತಾಗೋ ಹಂಗ ಇಟ್ಟು, ಒಂದು ಲೀಟರ್ ಕುದಿಯೋ ನೀರಿಗೆ ಎರಡು ದೊಡ್ಡ ಚಮಚ ಅಡಿಗಿ ಸೋಡಾ ಹಾಕಿ ಸುರವ್ರಿ. ಹತ್ತು ನಿಮಿಷದಾಗ ಕಪ್ಪು ಫಾಯಿಲಿಗೆ ಇಳೀತದ, ಕೊಳತ ತತ್ತಿ ವಾಸನಿ ಬಂದ್ರ ಕೆಲಸ ನಡದದ ಅಂತ ಅರ್ಥ. ಹರಳು ಕೂಡಿಸಿದ್ದು, ಅರಗು ತುಂಬಿದ್ದು, ಬೇಕಂತಲೇ ಕಪ್ಪು ಬಿಟ್ಟ ಕುಸುರಿ ಕೆಲಸದ್ದು ಇದಕ್ಕ ಹಾಕಬಾರ್ದು.

ಸಾಧನಕೇರಿ ಮೆಟ್ಟಿಲು
ಬಿಸಿನೀರಿಗೆ ಮೊಣಕಾಲು ನೋವು ಹೋಗ್ತದೋ ಇಲ್ಲೋ, ಅದನ್ನೂ ಒಮ್ಮೆ ಬಿಡಿಸಿ ಹೇಳ್ರಿ. ಅರ್ಧ ಊರು ಆ ಆಸೆಗೇ ಹೋಗ್ತದ.

ಮಾತ್ರಿ ಡಬ್ಬಿ
ಹೋಗೂದಿಲ್ಲ, ಕಡಿಮಿ ಆಗ್ತದ. ಸವದ ಮೆದುಎಲುಬು ಯಾವ ನೀರಿನಿಂದಲೂ ಬೆಳಿಯೂದಿಲ್ಲ. ಆರಾಮ ಸಿಗೋದು ಎರಡು ಕಾರಣಕ್ಕ: ಬಿಸಿಗೆ ಬಿಗದ ಸ್ನಾಯು ಸಡಿಲಾಗ್ತಾವ, ಮತ್ತ ನೀರು ಭಾರ ಹೊರ್ತದ. ಹೊಕ್ಕಳ ಮಟ ನೀರಿನಾಗ ನಿಂತ್ರ ಕಾಲಿನ ಮ್ಯಾಲ ಬೀಳೋ ಭಾರ ಅರ್ಧಕ್ಕರ್ಧ ಇಳೀತದ. ಅದಕ್ಕೇ ಕುಂಡದಾಗ ಸುಮ್ಮನ ಕೂಡೋದಕ್ಕಿಂತ ಕೂತಲ್ಲೇ ಮೊಣಕಾಲು ನಿಧಾನಕ ಚಾಚೋದು ಮಡಚೋದು, ಹತ್ತು ಸಲ, ಲಾಭ ಹೆಚ್ಚು. ಈ ಆರಾಮ ಕೆಲವು ತಾಸು, ಹೆಚ್ಚಂದ್ರ ಒಂದೆರಡು ದಿನ.

ಮೊಣಕಾಲು ಬಾತು, ಮುಟ್ಟಿದ್ರ ಬಿಸಿ ಹತ್ತಿ, ಕೆಂಪಗಿದ್ರ ಆ ವಾರ ಬಿಸಿನೀರು ಬ್ಯಾಡ. ಬಾವು ಏರ್ತದ.

ಉಣಕಲ್ ಕಟ್ಟಿ
ಎಲ್ಲಾರ ಮಾತು ಕೂಡಿಸಿ ಹಿಂಗ ಮಾಡೇವಿ. ಸೋಮವಾರ ಹುಬ್ಬಳ್ಳಿ ಬಿಡೋದು, ಎರಡು ಟಿಕೆಟ್. ಮಂಗಳವಾರ ನಸುಕಿನಾಗ ಕಲ್ಯಾಣ, ಅಲ್ಲಿಂದ ಟ್ಯಾಕ್ಸಿ, ಸೀದಾ ವಜ್ರೇಶ್ವರಿ ದರ್ಶನ, ಆಮ್ಯಾಲ ಗಣೇಶಪುರಿಯಾಗ ವಸ್ತಿ. ಅವತ್ತು ಸಂಜಿಗೆ ಒಂದು ಸ್ನಾನ, ಬುಧವಾರ ಎರಡು, ಟಬ್ಬಿನ ಕೋಣಿಯಾಗ. ಚೀಲದಾಗ ಪ್ಲಾಸ್ಟಿಕ್ ಮಗ್ಗು, ಜಾರದ ರಬ್ಬರ್ ಚಪ್ಪಲಿ, ಎರಡು ಜೋಡಿ ಒಣ ಬಟ್ಟಿ, ಗ್ಲೂಕೋಸ್, ಮತ್ತ ಮನಿಯಾಗಿನ ಜ್ವರದ ಥರ್ಮಾಮೀಟರ್. ಏನರೆ ಬಿಟ್ಟದ?

ಕೇಶ್ವಾಪುರ ಕ್ರಾಸ್
ದರ್ಶನಕ್ಕ ಮೊದಲು ಒಂದು ತಾಸು ಕಾಲು ಚಾಚಿ ಮಲಗಾಕ ಬಿಡ್ರಿ. ರಾತ್ರಿ ಗಾಡಿ ಇಳದು ಸೀದಾ 52 ಮೆಟ್ಟಿಲು ಅಂದ್ರ ಬಯ್ಯೂದು ನಿಮಗೇ.

ಮಾತ್ರಿ ಡಬ್ಬಿ
ಜ್ವರದ ಥರ್ಮಾಮೀಟರ್ ಬ್ಯಾಡ್ರಿ. ಅದರ ಅಳತಿ 42–43ಕ್ಕೇ ಮುಗೀತದ. 50ರ ನೀರಿಗೆ ಹಾಕಿದ್ರ ಡಿಜಿಟಲ್ಲು ಅಂಕಿನೇ ತೋರಿಸೂದಿಲ್ಲ, ಪಾದರಸದ್ದು ಒಡೀತದ, ಆ ಪಾದರಸ ಟಬ್ಬಿನಾಗ ಬೀಳ್ತದ. ಅಡಿಗಿಗೆ, ಇಲ್ಲಾ ಹಾಲು ಕಾಯಿಸೋರು ಬಳಸೋ ಉದ್ದ ಕಡ್ಡಿ ಥರ್ಮಾಮೀಟರ್ ತಗೋರಿ, 100ರ ಮ್ಯಾಲೂ ತೋರಿಸೋದು.

ಲೆಕ್ಕದ ಮಾಸ್ತರ
ತಂದ ದಿನನೇ ಪರೀಕ್ಷೆ ಮಾಡ್ರಿ. ಪುಡಿ ಮಾಡಿದ ಐಸಿಗೆ ತುಸು ನೀರು ಹಾಕಿ ಅದ್ದಿದ್ರ 0 ತೋರಿಸಬೇಕು, ಕುದಿಯೋ ನೀರಿನಾಗ 98. ನೂರಲ್ಲ, ತೊಂಬತ್ತೆಂಟು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಆರುನೂರು ಮೀಟರಿಗಿಂತ ಮ್ಯಾಲದ, ಇಲ್ಲಿ ನೀರು ಎರಡು ಡಿಗ್ರಿ ಮೊದಲೇ ಕುದೀತದ. ನೂರು ತೋರಿಸಲಿಲ್ಲಂತ ಅಂಗಡಿಯವನ ಜೋಡಿ ಜಗಳ ತಗೀಬ್ಯಾಡ್ರಿ.